ಪೇಂಟ್‌ಬಾಲ್ ಗನ್‌ಗೆ ಉದ್ದ ಬ್ಯಾರೆಲ್ ಹಾಕಿದರೆ ಗುರಿ ಪಕ್ಕಾ ಆಗುತ್ತದೆಯೇ?

"ಬ್ಯಾರೆಲ್ ಉದ್ದವಿದ್ದಷ್ಟೂ ಗುರಿ ಪಕ್ಕಾ." ಪೇಂಟ್‌ಬಾಲ್ ಆಡುವವರ ನಡುವೆ ಬಹಳ ಕಾಲದಿಂದ ಓಡಾಡುತ್ತಿರುವ ಮಾತಿದು. ಸಿನಿಮಾಗಳಲ್ಲಿ ಸ್ನೈಪರ್ ಕೈಯಲ್ಲಿ ಮಾರುದ್ದದ ಬಂದೂಕು ನೋಡಿದವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಪೇಂಟ್‌ಬಾಲ್ ಮಟ್ಟಿಗೆ ಈ ಮಾತು ಸುಳ್ಳು. ದುಡ್ಡು ಕೊಟ್ಟು ಉದ್ದದ ಬ್ಯಾರೆಲ್ ಕೊಳ್ಳುವ ಮೊದಲು ಒಮ್ಮೆ ಓದಿ.

ಈ ಸಾಧನದ ಸರಿಯಾದ ಹೆಸರು ಮಾರ್ಕರ್. ಅಮೆರಿಕದಲ್ಲಿ ಕಡಿಯಬೇಕಾದ ಮರಗಳಿಗೆ, ದನಕರುಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ಬಳಸುತ್ತಿದ್ದದ್ದು. ಅದನ್ನೇ ಹಿಡಿದು 1981ರ ಜೂನ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಮಂದಿ ಮೊದಲ ಪೇಂಟ್‌ಬಾಲ್ ಆಟ ಆಡಿದರು. ಗೆದ್ದವರು ಒಂದೇ ಒಂದು ಗುಂಡನ್ನೂ ಹಾರಿಸಿರಲಿಲ್ಲ ಅನ್ನುವುದು ಬೇರೆ ಮಾತು!

ಈಗ ಗುಂಡಿನ ಕಡೆ ನೋಡಿ. ಮೀನೆಣ್ಣೆ ಕ್ಯಾಪ್ಸೂಲ್ ಗೊತ್ತಲ್ಲ, ಪೇಂಟ್‌ಬಾಲ್ ಕೂಡ ಅದೇ ಜಾತಿಯದು. ಜೆಲಾಟಿನ್ ಸಿಪ್ಪೆ, ಒಳಗೆ ಬಣ್ಣದ ದ್ರವ. ಸುಮಾರು 17 ಮಿಲಿಮೀಟರ್ ಅಗಲ, 3 ಗ್ರಾಂ ತೂಕ. ಎರಡು ಅರ್ಧಗಳನ್ನು ಬೆಸೆದಿರುವುದರಿಂದ ನಡುವೆ ಒಂದು ಗೆರೆ ಇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಉಬ್ಬುತ್ತದೆ. ಪೂರ್ತಿ ಗುಂಡಗೆ ಅಂತೂ ಇರುವುದೇ ಇಲ್ಲ.

ರೈಫಲ್ ಗುಂಡಿನ ಕಥೆ ಬೇರೆ. ಅದು ಉದ್ದಕ್ಕಿದೆ, ಮೂತಿ ಇದೆ. ನಳಿಗೆಯೊಳಗಿನ ಸುರುಳಿ ಗೆರೆಗಳು ಅದನ್ನು ಬುಗುರಿಯಂತೆ ತಿರುಗಿಸಿ ಮೂತಿ ಮುಂದಕ್ಕೇ ಇರುವಂತೆ ನೋಡಿಕೊಳ್ಳುತ್ತವೆ. ದುಂಡನೆ ಚೆಂಡಿಗೆ ಮೂತಿ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಸಿಪ್ಪೆ ತಿರುಗಿದ ತಕ್ಷಣ ಒಳಗಿನ ದ್ರವವೂ ಜೊತೆಗೆ ತಿರುಗುವುದಿಲ್ಲ. ಆದ್ದರಿಂದ ಸುರುಳಿ ಗೆರೆಯ ಬ್ಯಾರೆಲ್‌ಗಳಿಂದ ಪೇಂಟ್‌ಬಾಲ್‌ಗೆ ರೈಫಲ್‌ನ ನಿಖರತೆ ಬರುವುದಿಲ್ಲ.

ನಿಜವಾದ ತೊಂದರೆ ಕೊಡುವುದು ಗಾಳಿ. ಸೆಕೆಂಡಿಗೆ 90 ಮೀಟರ್ ವೇಗದಲ್ಲಿ ಹೊರಬಿದ್ದ ಈ ಹಗುರ ಚೆಂಡನ್ನು ಗಾಳಿ ಅದರ ತೂಕದ 15 ಪಟ್ಟಿಗೂ ಹೆಚ್ಚು ಬಲದಿಂದ ಹಿಂದಕ್ಕೆ ತಳ್ಳುತ್ತದೆ. 30 ಮೀಟರ್ ಹೋಗುವಷ್ಟರಲ್ಲಿ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ. ಚೆಂಡಿನ ಹಿಂದೆ ಏಳುವ ಸುಳಿಗಾಳಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯುತ್ತದೆ. ಫುಟ್‌ಬಾಲ್‌ನಲ್ಲಿ ತಿರುಗದೆ ಬರುವ ಫ್ರೀ ಕಿಕ್ ಕೊನೇ ಗಳಿಗೆಯಲ್ಲಿ ತೂರಾಡುವುದು ಹೀಗೆಯೇ. 2010ರ ವಿಶ್ವಕಪ್‌ನ ಜಬುಲಾನಿ ಚೆಂಡಿನ ಬಗ್ಗೆ ಗೋಲ್‌ಕೀಪರ್‌ಗಳು ಗೊಣಗಿದ್ದು ನೆನಪಿರಬಹುದು. ಬ್ಯಾರೆಲ್ ಬಿಟ್ಟು ಹೊರಬಂದ ಮೇಲೆ ನಡೆಯುವ ಈ ಆಟವನ್ನು ಯಾವ ಬ್ಯಾರೆಲ್ ತಾನೆ ತಡೆದೀತು?

ಹಾಗಾದರೆ ಬ್ಯಾರೆಲ್‌ಗೆ ಕೆಲಸವೇ ಇಲ್ಲವೇ? ಇದೆ. ಪ್ರತಿ ಚೆಂಡನ್ನೂ ಒಂದೇ ವೇಗದಲ್ಲಿ, ಬೇಡದ ತಿರುಗು ಕೊಡದೆ ಹೊರಗೆ ಬಿಡುವುದು ಅದರ ಕೆಲಸ. ಒಂದು ಚೆಂಡು 90 ಮೀಟರ್ ವೇಗದಲ್ಲಿ, ಮುಂದಿನದು 85ರಲ್ಲಿ ಹೋದರೆ 30 ಮೀಟರ್ ದೂರದಲ್ಲಿ ಎರಡೂ ಬೀಳುವ ಎತ್ತರದಲ್ಲಿ ಸುಮಾರು ಹತ್ತು ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ಇದನ್ನು ತಪ್ಪಿಸಲು ಬೇಕಾದದ್ದು ಚೆಂಡಿಗೆ ಹೊಂದುವ ಒಳಅಳತೆ. ಪರೀಕ್ಷೆ ಸುಲಭ. ಬ್ಯಾರೆಲನ್ನು ಮಾರ್ಕರ್‌ನಿಂದ ಕಳಚಿ, ಚೆಂಡು ಹಾಕಿ. ತಾನಾಗಿಯೇ ಉರುಳಿ ಬಿದ್ದರೆ ಸಡಿಲ. ಬಾಯಿಂದ ಊದಿದಾಗ ಸಲೀಸಾಗಿ ಹೊರಬಂದರೆ ಅಳತೆ ಸರಿ. ಉಸಿರು ಕಟ್ಟಿ ಊದಿದರೂ ಕದಲದಿದ್ದರೆ ಬಿಗಿ. ಉಬ್ಬಿದ ಚೆಂಡುಗಳಿಗೆ ಮಳೆಗಾಲದಲ್ಲಿ ಬೇರೆ ಅಳತೆ ಬೇಕಾದರೂ ಬೇಕಾದೀತು.

ಉದ್ದದ ವಿಷಯಕ್ಕೆ ಬಂದರೆ, ಚೆಂಡಿಗೆ ವೇಗ ಸಿಗುವುದು ಹೆಚ್ಚಾಗಿ ಮೊದಲ 20 ಸೆಂಟಿಮೀಟರ್‌ಗಳಲ್ಲಿ. ಅಲ್ಲಿಂದಾಚೆ ಉಳಿಯುವುದು ಉಜ್ಜಾಟ, ಗ್ಯಾಸ್ ಖರ್ಚು ಅಷ್ಟೇ. ತುದಿಯಲ್ಲಿನ ತೂತುಗಳು ಸದ್ದು ಕಡಿಮೆ ಮಾಡುತ್ತವೆ. ಉದ್ದ ಬ್ಯಾರೆಲ್‌ನಿಂದ ಪೊದೆ ಸರಿಸಿ ಗುರಿ ಹಿಡಿಯಬಹುದು ಎನ್ನುವವರಿದ್ದಾರೆ. ಆ ಲಾಭವನ್ನು ನಾನು ಒಪ್ಪುತ್ತೇನೆ!

ಬಗ್ಗಿದ ಬ್ಯಾರೆಲ್‌ಗಳೂ ಇವೆ. ಟಿಪ್‌ಮನ್ ಕಂಪನಿಯ ಫ್ಲಾಟ್‌ಲೈನ್ ಅಂಥದ್ದು. ಅದರಲ್ಲಿ ಚೆಂಡು ನಳಿಗೆಯ ಮೇಲ್ಭಾಗಕ್ಕೆ ಉಜ್ಜಿಕೊಂಡು ಹಿಮ್ಮುಖವಾಗಿ ತಿರುಗುತ್ತಾ ಹೊರಬರುತ್ತದೆ, ಗಾಳಿ ಅದನ್ನು ಎತ್ತಿ ಹಿಡಿಯುತ್ತದೆ. ಇದರ ಹಿಂದಿನ ಸೂತ್ರ ಹಳೆಯದು. 1740ರ ದಶಕದಲ್ಲಿ ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಬಂದೂಕಿನ ನಳಿಗೆಯನ್ನು ಎಡಕ್ಕೆ ಬಗ್ಗಿಸಿ ದುಂಡು ಗುಂಡು ಹಾರಿಸಿದಾಗ, ಅದು ಎಡಕ್ಕೆ ಹೊರಟು ಆಮೇಲೆ ಬಲಕ್ಕೆ ತಿರುಗಿತ್ತು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆ ಕೆಲಸಕ್ಕೆ ಬಂದ ಅವರು 1751ರಲ್ಲಿ ತೀರಿಕೊಂಡದ್ದು ನಮ್ಮ ಪಕ್ಕದ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ. ಫ್ಲಾಟ್‌ಲೈನ್‌ನಿಂದ ಚೆಂಡು ಹೆಚ್ಚು ದೂರ ಹೋಗುವುದು ನಿಜ, ಆದರೆ ದೂರವೇ ಬೇರೆ, ನಿಖರತೆಯೇ ಬೇರೆ. ನಿಖರತೆ ಬೇಕೆಂದರೆ ಗುಂಡಿನ ಆಕಾರವೇ ಬದಲಾಗಬೇಕು. ಹಿಂದೆ ರೆಕ್ಕೆಗಳಿರುವ ಫಸ್ಟ್ ಸ್ಟ್ರೈಕ್ ಗುಂಡುಗಳು ಹಾಗೆ ಬಂದವು. ಎಲ್ಲ ಮಾರ್ಕರ್‌ಗಳಿಗೂ ಅವು ಒಗ್ಗುವುದಿಲ್ಲ.

ರಾಬಿನ್ಸ್ ಪ್ರಯೋಗದಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ನಳಿಗೆಯ ಗೋಡೆಗೆ ಒಂದು ಕಡೆ ಉಜ್ಜಿದ ಚೆಂಡು ತಿರುಗುತ್ತದೆ, ತಿರುಗಿದ್ದು ದಾರಿ ತಪ್ಪುತ್ತದೆ. ಬ್ಯಾರೆಲ್ ಒಳಗೆ ಒಂದು ಚೆಂಡು ಒಡೆದು ಬಣ್ಣ ಮೆತ್ತಿಕೊಂಡರೆ ಆಗುವುದೂ ಇದೇ. ಬಾಡಿಗೆ ಮಾರ್ಕರ್ ಸೊಟ್ಟಗೆ ಹೊಡೆಯುತ್ತಿದ್ದರೆ ಮೊದಲು ಬ್ಯಾರೆಲ್ ಒರೆಸಿ ಕೊಡಲು ಸಿಬ್ಬಂದಿಗೆ ಹೇಳಿ. ಬ್ಯಾರೆಲ್ ತುದಿಯಿಂದ ಕಣ್ಣಿಟ್ಟು ಒಳಗೆ ಇಣುಕಬೇಡಿ.

ಸ್ವಂತ ಮಾರ್ಕರ್ ಇರುವವರು ಒಂದು ವಿಷಯ ಮರೆಯುತ್ತಾರೆ. ಬ್ಯಾರೆಲ್ ಬದಲಾದರೆ ವೇಗವೂ ಬದಲಾಗಬಹುದು. ಹೆಚ್ಚಿನ ಮೈದಾನಗಳಲ್ಲಿ ಮಿತಿ ಸೆಕೆಂಡಿಗೆ 280ರಿಂದ 300 ಅಡಿ, ಅಂದರೆ 85ರಿಂದ 91 ಮೀಟರ್. ಆ ವೇಗದಲ್ಲೇ ಚೆಂಡಿಗೆ ಸುಮಾರು 12 ಜೂಲ್ ಶಕ್ತಿ ಇರುತ್ತದೆ. ಕೈಗೆ ತಗುಲಿದರೆ ಬಾಸುಂಡೆ, ಕಣ್ಣಿಗೆ ತಗುಲಿದರೆ ದೃಷ್ಟಿಯೇ ಹೋಗಬಹುದು. ಹೊಸ ಬ್ಯಾರೆಲ್ ಹಾಕಿದ ದಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ನಾಲ್ಕೈದು ಗುಂಡು ಹಾರಿಸಿ ನೋಡಿ, ಹೆಚ್ಚಿದ್ದರೆ ಇಳಿಸಿಕೊಂಡೇ ಮೈದಾನಕ್ಕೆ ಇಳಿಯಿರಿ. ಸೆಲ್ಫಿಗೆಂದು ಮೈದಾನದೊಳಗೆ ಮಾಸ್ಕ್ ತೆಗೆಯುವ ಅಭ್ಯಾಸ ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಇದ್ದರೆ, ಇದನ್ನು ಮೊದಲು ಅವರಿಗೇ ಫಾರ್ವರ್ಡ್ ಮಾಡಿ.