ಮನೆಯ ಗೋಡೆಗೆ ಒಂದು ಕನಸಿನ ಪಟ

ಗೋಡೆಗೆ ಪಟ ತೂಗಹಾಕುವ ಪದ್ಧತಿ ನಮ್ಮ ಮನೆಗಳಿಗೆ ಹೊಸತಲ್ಲ. ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಅವನ ಲಕ್ಷ್ಮಿ, ಸರಸ್ವತಿಯರು ಅಚ್ಚಿನ ಮೂಲಕ ಸಾಮಾನ್ಯರ ಮನೆಗಳಿಗೂ ಬಂದರು. ಮೂಲಚಿತ್ರವನ್ನು ಕಂಡವರು ಕೆಲವರೇ. ಪ್ರತಿಯ ಮುಂದೆ ದೀಪ ಹಚ್ಚಿ ಕೈಮುಗಿದವರು ಅಸಂಖ್ಯರು. ಈಗ ಅಲ್ಲಲ್ಲಿ ಬೇರೆ ಬಗೆಯ ಪಟಗಳೂ ಕಾಣಸಿಗುತ್ತವೆ. ಒಂದರಲ್ಲಿ ಗಡಿಯಾರಗಳು ನೀರುದೋಸೆಯಂತೆ ಮೆತ್ತಗಾಗಿ ಜೋತುಬಿದ್ದಿವೆ. ಅದನ್ನು ಕಂಡ ಮಕ್ಕಳು, "ಇದರ ಅರ್ಥವೇನು ಮಾಸ್ಟ್ರೇ?" ಎಂದು ಕೇಳುವುದುಂಟು.

ಇವು ಸರ್ರಿಯಲಿಸಂ, ಅಂದರೆ ಅತಿವಾಸ್ತವವಾದದ ಚಿತ್ರಗಳು. 1924ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಬ್ರೆತಾನ್ ಎಂಬ ಕವಿ ಈ ಪಂಥದ ಘೋಷಣೆಯನ್ನು ಪ್ರಕಟಿಸಿದನು. ಕನಸಿನ ಕುರಿತು ಫ್ರಾಯ್ಡ್ ಬರೆದುದು ಅವರಿಗೆ ದಾರಿದೀಪವಾಯಿತು. ಕನಸಿನಲ್ಲಿ ವಸ್ತುಗಳೆಲ್ಲ ನಮಗೆ ಪರಿಚಿತವಾದವುಗಳೇ; ಅವು ಒಂದರ ಪಕ್ಕ ಒಂದು ಬರುವ ರೀತಿ ಮಾತ್ರ ಅಪರಿಚಿತ. ಈ ಚಿತ್ರಗಳ ಗುಟ್ಟೂ ಅದೇ. ಆದುದರಿಂದ ಒಗಟು ಬಿಡಿಸುವಂತೆ ಒಂದೇ ಉತ್ತರವನ್ನು ಹುಡುಕಿದರೆ ನಿರಾಶೆಯಾದೀತು.

ಮೇಲೆ ಹೇಳಿದ ಗಡಿಯಾರಗಳ ಚಿತ್ರವನ್ನು ಸ್ಪೇನಿನ ಸಾಲ್ವದೋರ್ ಡಾಲಿ 1931ರಲ್ಲಿ ಬರೆದನು. ಕರಗುವ ಚೀಸನ್ನು ನೋಡಿದಾಗ ಆ ಕಲ್ಪನೆ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಹಿಂದೆ ನಾವೂ ಅದರ ಮೂರು ಅಡಿ ಅಗಲದ ಪ್ರತಿಯೊಂದನ್ನು ತಂದು ಕಟ್ಟು ಹಾಕಿಸಿ, ಪಡುವಣ ಕಿಟಿಕಿಯ ಎದುರಿಗೆ ತೂಗಹಾಕಿ ಬೀಗಿದ್ದೆವು. ಎಷ್ಟೋ ಕಾಲದ ಮೇಲೆ ಪುಸ್ತಕವೊಂದರಲ್ಲಿ ಮೂಲದ ಅಳತೆಯನ್ನು ಓದಿ ದಂಗಾದೆವು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿನಲ್ಲಿರುವ ಆ ಚಿತ್ರವು ಬರೇ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ! ಹೆಚ್ಚುಕಡಿಮೆ ಪರೀಕ್ಷೆಯ ಉತ್ತರ ಪತ್ರಿಕೆಯ ಒಂದು ಹಾಳೆಯಷ್ಟು. ಬಳಿಗೆ ಬಾಗಿ ನೋಡಬೇಕಾದ ಚಿತ್ರವನ್ನು ನಾವು ದೂರದಿಂದ ನೋಡುವ ಪರದೆಯಾಗಿ ಮಾಡಿದ್ದೆವು. ಕೆಳಗಿನ ಗಡಿಯಾರಕ್ಕೆ ಮುತ್ತಿದ ಇರುವೆಗಳು ಹಿಗ್ಗಿ ಮಸಿಯ ಕಲೆಗಳಾಗಿದ್ದವು. ಸಾಲದ್ದಕ್ಕೆ ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪು, ಹಳದಿಗಳು ಬಿಸಿಲಿಗೆ ಮಾಸಿ ಪಟವೆಲ್ಲ ನೀಲಿಗಟ್ಟಿತು. ಗಾಜಿನೊಳಗೆ ಬೂಷ್ಟು ಹಿಡಿಯಿತು.

ಹಾಗಾದರೆ ಪ್ರತಿಯೆಂಬುದು ವ್ಯರ್ಥವೇ? ಹಾಗೆನ್ನಲಾಗದು. ಬೆಲ್ಜಿಯಂ ದೇಶದ ರೆನೆ ಮಾಗ್ರಿತ್ ತರುಣನಾಗಿದ್ದಾಗ ಗೋಡೆಗೆ ಅಂಟಿಸುವ ಕಾಗದಗಳಿಗೆ ವಿನ್ಯಾಸ ಬರೆದು ಜೀವಿಸುತ್ತಿದ್ದನು. 1920ರ ದಶಕದ ಆರಂಭದಲ್ಲಿ ಗೆಳೆಯನೊಬ್ಬ ಅವನಿಗೆ ಇಟಲಿಯ ದೆ ಕಿರಿಕೊ 1914ರಲ್ಲಿ ಬರೆದ 'ಪ್ರೇಮಗೀತೆ' ಎಂಬ ಚಿತ್ರದ ಪ್ರತಿಯನ್ನು ತೋರಿಸಿದನು. ಅದರಲ್ಲಿ ಪುರಾತನ ಶಿಲ್ಪದ ತಲೆಯೊಂದು, ರಬ್ಬರಿನ ಕೈಗವಸು, ಒಂದು ಚೆಂಡು ಜತೆಯಾಗಿವೆ. ಮಾಗ್ರಿತನ ಕಣ್ಣಲ್ಲಿ ನೀರು ಬಂತಂತೆ. ಅವನ ಕಲೆಯ ದಾರಿಯನ್ನು ತಿರುಗಿಸಿದುದು ಮೂಲವಲ್ಲ, ಅಚ್ಚಿನ ಪ್ರತಿ!

ಆದರೆ ಎಲ್ಲ ಚಿತ್ರಗಳೂ ಪ್ರತಿಯಲ್ಲಿ ಒಂದೇ ರೀತಿ ಉಳಿಯಲಾರವು. ಡಾಲಿ, ಮಾಗ್ರಿತರ ನುಣುಪಾದ ಚಿತ್ರಗಳಲ್ಲಿ ಮುಖ್ಯವಾದುದು ಕಲ್ಪನೆ. ಅದು ಅಚ್ಚಿನಲ್ಲೂ ಬಹುಪಾಲು ಉಳಿಯುತ್ತದೆ. ಜರ್ಮನಿಯ ಮಾಕ್ಸ್ ಅರ್ನ್ಸ್ಟ್ 1925ರಲ್ಲಿ ಮರದ ಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ರೂಪಗಳನ್ನು ಮೂಡಿಸಿದನು. ನಾಣ್ಯದ ಮೇಲೆ ಹಾಳೆಯಿಟ್ಟು ಮಕ್ಕಳು ಉಜ್ಜುವುದಿಲ್ಲವೆ, ಹಾಗೆ. ಮುಂದೆ ಬಣ್ಣವನ್ನು ಕೆರೆದೂ ಚಿತ್ರ ಮಾಡಿದನು. ಅಂಥ ಚಿತ್ರಗಳ ಒರಟು ಮೈ ನಯವಾದ ಕಾಗದದಲ್ಲಿ ಚಪ್ಪಟೆಯಾಗಿಬಿಡುತ್ತದೆ.

ಪಟ ಹಾಕಿಸುವವರು ಕೆಲವು ಸಂಗತಿಗಳನ್ನು ಗಮನಿಸಬೇಕು. ಮೂಲದ ಅಳತೆಯನ್ನು ತಿಳಿದು, ಸಾಧ್ಯವಾದರೆ ಅದೇ ಅಳತೆಯ ಪ್ರತಿಯನ್ನು ಕೊಳ್ಳುವುದು ಮೇಲು. ಕಟ್ಟಿಗೆ ಹೊಂದಲೆಂದು ಚಿತ್ರದ ಅಂಚನ್ನು ಕತ್ತರಿಸಬಾರದು. ಕಟ್ಟು ಚಿತ್ರಕ್ಕೆ ಹೊಂದಬೇಕು. ಗಾಜು ಕಾಗದಕ್ಕೆ ತಾಗದಂತೆ ನಡುವೆ ಆಮ್ಲರಹಿತವಾದ ದಪ್ಪ ರಟ್ಟಿನ ಅಂಚನ್ನು ಕೊಡಿಸಬೇಕು. ಹಿಂದೆ ಹಳೆಯ ಪತ್ರಿಕೆ ತುರುಕಿದರೆ ಕಾಗದ ಕಂದುಗಟ್ಟುತ್ತದೆ. ಮಳೆನೀರು ಹೊಡೆಯುವ ಗೋಡೆಯೂ ನೇರ ಬಿಸಿಲೂ ಬೇಡ. ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದರೆ ಗಾಳಿಯಾಡುತ್ತದೆ. ಚಿತ್ರದ ಹೆಸರು, ಬರೆದವನು, ಇಸವಿ, ಅಳತೆ, ಮೂಲವಿರುವ ಸ್ಥಳ ಇವನ್ನು ಒಂದು ಚೀಟಿಯಲ್ಲಿ ಬರೆದು ಬೆನ್ನಿಗೆ ಅಂಟಿಸಿದರೆ ಪ್ರತಿಯು ತಾನು ಪ್ರತಿಯೆಂದು ಒಪ್ಪಿಕೊಂಡಂತಾಗುತ್ತದೆ.

ಈ ಒಪ್ಪಿಗೆಯೇ ದೊಡ್ಡದು. ಮಾಗ್ರಿತ್ 1929ರಲ್ಲಿ ಹೊಗೆಸೊಪ್ಪು ಸೇದುವ ಪೈಪನ್ನು ಬರೆದು, ಅದರ ಕೆಳಗೆ ಇದು ಪೈಪ್ ಅಲ್ಲವೆಂದು ಫ್ರೆಂಚ್ ಭಾಷೆಯಲ್ಲಿ ನಮೂದಿಸಿದನು. ನಿಜವೇ, ಅದಕ್ಕೆ ಸೊಪ್ಪು ತುಂಬಿ ಸೇದಲಾದೀತೇ? ವಸ್ತು ಬೇರೆ, ಚಿತ್ರ ಬೇರೆ, ಹೆಸರು ಬೇರೆ. ಗಡಿನಾಡಿನ ನಮ್ಮ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ತರಗತಿಯಲ್ಲಿ 'ತೆಂಗಿನಕಾಯಿ', ತುಳು ಮನೆಯಲ್ಲಿ 'ತಾರಾಯಿ', ಪೇಟೆಯಲ್ಲಿ 'ತೇಙ್ಙ'. ಈ ಮೂರು ಹೆಸರುಗಳಲ್ಲಿ ಯಾವುದನ್ನು ತುರಿದರೂ ಚಟ್ನಿಯಾಗದು!

ನಮ್ಮ ನೀಲಿಗಟ್ಟಿದ ಪಟವನ್ನು ಇಳಿಸಿ, ಈಗ ಉತ್ತರ ಪತ್ರಿಕೆಯ ಗಾತ್ರದ ಪ್ರತಿಯೊಂದನ್ನು ಒಳಗೋಡೆಗೆ ಹಾಕಿದ್ದೇವೆ. ಬಂದವರು ಮೊದಲಿನಂತೆ ದೂರದಿಂದ ಬೆರಗಾಗುವುದಿಲ್ಲ. ಎದ್ದು ಬಳಿಗೆ ಹೋಗುತ್ತಾರೆ, ಬಾಗಿ ಇರುವೆಗಳನ್ನು ಎಣಿಸುತ್ತಾರೆ. ಚಿತ್ರ ನೋಡುವುದೆಂದರೆ ಇದೇ ಅಲ್ಲವೇ?