ಕೂಪಮಂಡೂಕವಲ್ಲ, ಹೊಲದ ಕಾವಲುಗಾರ

ಲೋಕಾನುಭವವಿಲ್ಲದವನನ್ನು ಕೂಪಮಂಡೂಕವೆಂದು ಹಳಿಯುವುದು ನಮ್ಮಲ್ಲಿ ರೂಢಿ. ಮಂಡೂಕದ ಬಾಳನ್ನು ಅರಿತವರು ಆ ಮಾತನ್ನಾಡಲು ಹಿಂಜರಿದಾರು. ಚಳಿಗಾಲದಲ್ಲಿ ಮಾಗಡಿ ಕೆರೆಗೆ ಬರುವ ಹೆಬ್ಬಾತುಗಳನ್ನು ಕಾಣಲು ಗದಗ, ಶಿರಹಟ್ಟಿ, ಲಕ್ಷ್ಮೇಶ್ವರಗಳಿಂದ ಜನ ಹೋಗುತ್ತಾರೆ. ಆದರೆ ಹೊಲದ ಬದುವಿನಲ್ಲೇ ಇರುವ ಹೆಗ್ಗಪ್ಪೆಯನ್ನು ಕಣ್ಣಿಟ್ಟು ನೋಡುವವರು ವಿರಳ.

ನಮ್ಮ ದೇಶದ ಕಪ್ಪೆಗಳಲ್ಲಿ ಗಾತ್ರಕ್ಕೆ ಇದು ಹಿರಿಯದು. ಸುಮಾರು 6 ಅಂಗುಲ ಬೆಳೆಯುತ್ತದೆ. ಬೇಸಿಗೆಯೆಲ್ಲ ಮಣ್ಣಿನೊಳಗೆ ಹುದುಗಿದ್ದು, ಮಿರಗದ ಮಳೆ ಬಿದ್ದೊಡನೆ ಹೊರಬರುತ್ತದೆ. ಆಗ ಹಸಿರುಗಂದು ಬಣ್ಣದ ಗಂಡು ನಿಂಬೆಹಣ್ಣಿನಂತೆ ಹಳದಿಯಾಗುತ್ತದೆ. ಗಂಟಲಿನ ಇಬ್ಬದಿಯ ನೀಲಿ ಚೀಲಗಳನ್ನು ಉಬ್ಬಿಸಿ ಹೆಣ್ಣನ್ನು ಕರೆಯುತ್ತದೆ. ನಾವು ಮಳೆರಾತ್ರಿಯಲ್ಲಿ ಕೇಳುವ ವಟಗುಟ್ಟುವಿಕೆಯಲ್ಲಿ ಈ ಕರೆಯೂ ಸೇರಿರುತ್ತದೆ.

ಕೀಟ, ಏಡಿ, ಇಲಿಮರಿ ಇದರ ಆಹಾರ. ಕೂಲಿ ಬೇಡದೆ ಬೆಳೆ ಕಾಯುವ ಈ ಜೀವಿಯ ಕಾಲುಗಳು ಹಿಂದೆ ಪರದೇಶದ ಊಟಕ್ಕೆ ರಾಶಿರಾಶಿಯಾಗಿ ಹೋಗುತ್ತಿದ್ದವು. 1987ರಲ್ಲಿ ಭಾರತ ಸರಕಾರ ಆ ರಫ್ತನ್ನು ನಿಷೇಧಿಸಿತು.

ಹಾಗೆಂದು ಅದರ ಕಂಟಕ ತೀರಲಿಲ್ಲ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಆದುದರಿಂದ ಬೆಳೆಗೆ ಸಿಂಪಡಿಸಿದ ವಿಷ ನೀರಿನೊಡನೆ ಬೆರೆತರೆ ಅದರ ಮೈಯನ್ನೂ ಹೊಗುತ್ತದೆ. ಕೀಟಕ್ಕೆಂದು ಎರಚಿದ್ದು ಕೀಟದ ವೈರಿಯನ್ನೇ ಕೊಲ್ಲಬಹುದು. ಹೊಂಡ ಹಳ್ಳಗಳನ್ನು ಮುಚ್ಚಿದರೆ ಮೊಟ್ಟೆಯಿಡಲು ನೆಲೆಯೂ ಇಲ್ಲ.

ವಾಚಕರೇ, ಮುಂಗಾರಿನ ಮೊದಲ ರಾತ್ರಿ ನಿಮ್ಮ ರೇಡಿಯೋವನ್ನು ತುಸು ಹೊತ್ತು ನಿಲ್ಲಿಸಿ ಕಿವಿಗೊಡಿರಿ. ಹೊರಗಿನ ಗದ್ದಲ ಕೇಳಿಸಿದರೆ ಸಂತೋಷಪಡಿರಿ. ಕೇಳಿಸದಿದ್ದರೆ ನಿಮ್ಮ ಊರಿನ ಹೊಂಡ, ಹಳ್ಳಗಳ ಗತಿಯೇನಾಯಿತೆಂದು ವಿಚಾರಿಸಿರಿ.