ಗುಹ್ಯರೋಗಗಳ ಪರೀಕ್ಷೆ

ಕಳಲೆಯಂತಹ ಗ್ರಾಮದಿಂದ ಒಬ್ಬನು ನಂಜನಗೂಡಿನ ಆಸ್ಪತ್ರೆಗೆ ಹೋಗಿಬಂದರೆ, ಸಂಜೆಯೊಳಗಾಗಿ ನೆರೆಹೊರೆಯವರು ಕಾರಣವನ್ನು ವಿಚಾರಿಸುವರು. ಗುಹ್ಯರೋಗದ ಶಂಕೆಯುಳ್ಳವನು ರೋಗಕ್ಕಿಂತಲೂ ಈ ವಿಚಾರಣೆಗೇ ಹೆಚ್ಚು ಅಂಜುವನು. ನಗರವಾಸಿಗಳಾದ ನಾವೂ ಈ ಲಜ್ಜೆಯಿಂದ ಮುಕ್ತರಾಗಿಲ್ಲ.

ಹಿಂದಿನವರು ಫಿರಂಗಿ ರೋಗವೆಂದು ಕರೆಯುತ್ತಿದ್ದ ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುವುದು. ರೋಗವು ಮಾತ್ರ ದೇಹದಲ್ಲಿ ಉಳಿದು, ಮುಂದೆ ಹೃದಯವನ್ನೂ ಮಿದುಳನ್ನೂ ಕೆಡಿಸಬಹುದು. ಗರ್ಭಿಣಿಯಿಂದ ಶಿಶುವಿಗೂ ಹರಡಬಹುದು.

ಇದನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯುವ ಕ್ರಮವನ್ನು ಜರ್ಮನಿಯ ವಾಸರ್ಮನ್ನನೂ ಆತನ ಸಹಚರರೂ 1906ರಲ್ಲಿ ತೋರಿಸಿಕೊಟ್ಟರು. ಇಂದು ಸ್ವಲ್ಪ ರಕ್ತವೇ ಸಾಕು. ಆರಂಭದಲ್ಲಿಯೇ ತಿಳಿದುಬಂದರೆ, ಬೆಂಜಥೀನ್ ಪೆನಿಸಿಲಿನ್ನನ್ನು ಒಂದು ಸಲ ಚುಚ್ಚಿದರೆ ಸಾಮಾನ್ಯವಾಗಿ ಗುಣವಾಗುವುದು.

ಸೋಂಕು ತಗಲಿದೊಡನೆ ಪರೀಕ್ಷೆಯಲ್ಲಿ ಅದು ಕಾಣಿಸದಿರಬಹುದು; ಆದುದರಿಂದ ವೈದ್ಯರು ಹೇಳಿದ ಅವಧಿ ಕಳೆದ ಮೇಲೆ ಪುನಃ ಪರೀಕ್ಷಿಸಿಕೊಳ್ಳಬೇಕು. ದಂಪತಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಮತ್ತೊಬ್ಬರಿಗೂ ಪರೀಕ್ಷೆ ಅವಶ್ಯಕ; ಇಲ್ಲವಾದರೆ ಗುಣವಾದವರಿಗೆ ರೋಗವು ಮತ್ತೆ ತಗಲುವುದು. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಈ ಸೇವೆ ಉಚಿತ. ಎಚ್.ಐ.ವಿ. ಪರೀಕ್ಷೆಗೆ ನಮ್ಮ ಸಮ್ಮತಿ ಬೇಕೆಂದೂ, ಫಲಿತಾಂಶವನ್ನು ಗೋಪ್ಯವಾಗಿಡಬೇಕೆಂದೂ 2017ರ ಕಾಯಿದೆ ವಿಧಿಸಿದೆ.

ಊರ ಬಾಯಿಗೆ ಅಂಜಿ ಮನೆಯ ಶಿಶುವನ್ನು ಅಪಾಯಕ್ಕೆ ಒಡ್ಡುವುದು ಮಾನವೆನಿಸದು.